ನಮ್ಮೂರ ಗ್ರಂಥಾಲಯದ ಕಂಪ್ಯೂಟರಿಗೆ ಇನ್ನೂ 2019: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಕಲಬುರಗಿ ಜಿಲ್ಲೆಯ ನಿಮ್ಮದೇ ಕ್ಷೇತ್ರದ ಮತದಾರನ ನಮಸ್ಕಾರ. ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರದ ಮೊದಲ ನಾಲ್ಕು ಸಾಲು ಬಿಟ್ಟು ಮುಂದೆ ಯಾರೂ ಓದುವುದಿಲ್ಲ ಅಂತ ನಿಮ್ಮ ಕಚೇರಿಗೆ ಹೋಗಿ ಬಂದವರು ಹೇಳಿದ್ದಾರೆ. ನಮ್ಮೂರ ಗ್ರಾಮ ಪಂಚಾಯತಿ ಗ್ರಂಥಾಲಯದ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಕೊಡಿಸಿ. ಅಷ್ಟೇ. ರಸ್ತೆ ಕೇಳುತ್ತಿಲ್ಲ, ಸೇತುವೆ ಕೇಳುತ್ತಿಲ್ಲ, ಹೊಸ ಕಂಪ್ಯೂಟರ್ ಕೂಡ ಕೇಳುತ್ತಿಲ್ಲ. ಇರುವುದರ ಪಾಸ್‌ವರ್ಡ್ ಕೊಡಿಸಿ.

ಊರ ಹೆಸರು ಇಲ್ಲಿ ಬರೆದಿಲ್ಲ. ಬರೆದರೆ ಮೊದಲು ನೋಟಿಸ್ ಬರುವುದು ನಮ್ಮ ಗ್ರಂಥಾಲಯದ ಮೇಲ್ವಿಚಾರಕರಿಗೆ, ಪಾಪ. ಹೆಸರು, ಸಹಿ ಎಲ್ಲ ಇರುವ ಅರ್ಜಿಗಳು ನಿಮ್ಮ ಕಚೇರಿಯಲ್ಲಿ ಬೇಕಾದಷ್ಟು ಬಿದ್ದಿವೆ. ಒಂದು ಗುರುತು ಹೇಳಬಲ್ಲೆ: ಕಂಪ್ಯೂಟರ್ ಕೋಣೆಯ ಬಾಗಿಲ ಪಕ್ಕ ಕರಿಕಲ್ಲಿನಲ್ಲಿ ನಿಮ್ಮ ಹೆಸರು ಕೆತ್ತಿದೆ. ಆದರೆ ಅಂಥ ಕಲ್ಲು ಕ್ಷೇತ್ರದಲ್ಲಿ ಎಷ್ಟೋ ಇವೆಯಲ್ಲ, ಅದರಿಂದ ನಿಮಗೂ ಪತ್ತೆ ಆಗಲಿಕ್ಕಿಲ್ಲ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವನು. ಕಂಪ್ಯೂಟರ್ ಓದಿದವನಲ್ಲ. ಈ ಒಂದು ಮಶೀನಿನ ವಿಷಯ ಮಾತ್ರ ಕಚೇರಿ ಕಚೇರಿ ತಿರುಗಿ, ಹುಡುಗರನ್ನು ಕೇಳಿ ಕೇಳಿ ಕಲಿತಿದ್ದೇನೆ. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಆ ಮಶೀನಿಗೆ ಎರಡು ಖಾತೆ ಇವೆ. ಒಂದು ಓದುಗರದು, ಇನ್ನೊಂದು ಮಶೀನಿನ ಎಲ್ಲ ಅಧಿಕಾರ ಇರುವ ಅಡ್ಮಿನ್‌ದು. ಓದುಗರ ಖಾತೆಯಲ್ಲಿ ಬ್ರೌಸರ್ ತೆಗೆಯಬಹುದು, ಮುಚ್ಚಬಹುದು. ಪ್ರಿಂಟರ್ ಜೋಡಿಸುವಂತಿಲ್ಲ, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಹಾಕುವಂತಿಲ್ಲ, ಪೆನ್‌ಡ್ರೈವ್ ಚುಚ್ಚಿದರೆ ತೆರೆಯುವುದಿಲ್ಲ. ಇದೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ಹತ್ತಾರು ಮಕ್ಕಳು ಕೈ ಹಾಕುವ ಮಶೀನಿಗೆ ಬೀಗ ಇರಲೇಬೇಕು. ಇಲ್ಲದಿದ್ದರೆ ಎರಡೇ ದಿನಕ್ಕೆ ಗೇಮು, ವೈರಸ್ಸು ತುಂಬಿ ಕೂರುತ್ತದೆ. ನನ್ನ ತಕರಾರು ಬೀಗದ ಮೇಲೆ ಅಲ್ಲ. ಅಡ್ಮಿನ್ ಪಾಸ್‌ವರ್ಡ್ ನಮ್ಮ ಗ್ರಂಥಾಲಯದಲ್ಲಿಲ್ಲ, ಪಂಚಾಯತಿಯಲ್ಲಿಲ್ಲ, ತಾಲೂಕಿನಲ್ಲೂ ಇಲ್ಲ. ಮಶೀನ್ ತಂದು ಕೂರಿಸಿದ ಏಜೆನ್ಸಿಯವರ ಹತ್ತಿರ ಇತ್ತಂತೆ. ಅವರ ಗುತ್ತಿಗೆ ಮುಗಿಯಿತು, ಅವರು ಹೋದರು, ಪಾಸ್‌ವರ್ಡೂ ಹೋಯಿತು. ಹೊಲ ಮಾರಿದವನು ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಯ ಕೀಲಿಕೈ ಜೇಬಿನಲ್ಲಿ ಹಾಕಿಕೊಂಡು ಹೋದ ಹಾಗಾಯಿತು. ಬಿಲ್ ಪಾಸು ಮಾಡುವಾಗ ಯಾರೂ ಕೇಳಲಿಲ್ಲವೇ? ಅಂಥ ಬಿಲ್ಲಿಗೆ ಹಸ್ತಾಂತರದ ಪತ್ರ ಲಗತ್ತಿಸಬೇಕು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಸ್ವಲ್ಪ ದಿನ ಹೇಗೋ ನಡೆಯಿತು. ಆಮೇಲೆ ಮಶೀನಿನ ಒಳಗಿನ ಸೆಲ್ ಸತ್ತಿತು. ಗುಂಡಗೆ, ನಾಣ್ಯದಷ್ಟು ದೊಡ್ಡದು, ಸಿಆರ್ 2032 ಅಂತಾರೆ. ಕರೆಂಟ್ ಇಲ್ಲದಾಗ ತಾರೀಕು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ, ಯುಪಿಎಸ್ ಮೊದಲೇ ಸತ್ತಿತ್ತು. ಹಾಗಾಗಿ ಕರೆಂಟ್ ಹೋಗಿ ಬಂದಾಗೆಲ್ಲ ಮಶೀನಿಗೆ 2019ರ ಜನವರಿ 1. ಹಳ್ಳಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದ್ದೂ 2019ರಲ್ಲೇ. ಕಂಪ್ಯೂಟರಿಗೆ ಆ ವರ್ಷ ಅಷ್ಟು ಇಷ್ಟವಾದದ್ದು ಯಾಕೋ ಏನೋ.

ತಾರೀಕು ತಪ್ಪಾದರೆ ಏನಾಯಿತು ಅಂತೀರಾ? ಎಲ್ಲವೂ ಆಯಿತು. ಸರ್ಕಾರದ ಯಾವ ವೆಬ್‌ಸೈಟ್ ತೆರೆದರೂ ಅದಕ್ಕೊಂದು ಭದ್ರತಾ ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಈ ವರ್ಷದ ಸರ್ಟಿಫಿಕೇಟನ್ನು 2019ರಲ್ಲಿ ಕೂತ ಮಶೀನ್ ಹೇಗೆ ನಂಬುತ್ತದೆ? ‘ನಿಮ್ಮ ಗಡಿಯಾರ ಹಿಂದಿದೆ’ ಅಂತ ಬರುತ್ತದೆ. ಕೆಳಗೆ ಒಂದು ನೀಲಿ ಬಟನ್, ತಾರೀಕು ಸರಿ ಮಾಡಿ ಅಂತ. ಒತ್ತಿದರೆ ಗಡಿಯಾರದ ಚಿತ್ರ ಬರುತ್ತದೆ. ತಾರೀಕು ಬದಲಿಸುವ ಬಟನ್ನಿನ ಮೇಲೆ ಹಳದಿ ನೀಲಿ ಬಣ್ಣದ ಸಣ್ಣ ಗುರಾಣಿ. ಅದನ್ನು ಒತ್ತಿದರೆ ಅಡ್ಮಿನ್ ಪಾಸ್‌ವರ್ಡ್ ಹಾಕಿ ಅನ್ನುತ್ತದೆ. ಅಲ್ಲಿಗೆ ನಮ್ಮ ಡಿಜಿಟಲ್ ಇಂಡಿಯಾ ಮುಗಿಯಿತು.

ಇಂಟರ್ನೆಟ್‌ನಿಂದ ತಾರೀಕು ತಾನೇ ಸರಿಹೋಗುತ್ತದೆ ಅಂತ ತಾಲೂಕಿನಲ್ಲಿ ಒಬ್ಬ ಅಧಿಕಾರಿ ನನಗೆ ಪಾಠ ಮಾಡಿದರು. ನಾಲ್ಕಾರು ನಿಮಿಷದ ವ್ಯತ್ಯಾಸವಾದರೆ ಸರಿಹೋಗುತ್ತದೆ ಸಾಹೇಬರೇ. ವರ್ಷಗಟ್ಟಲೆ ವ್ಯತ್ಯಾಸ ಇದ್ದರೆ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ಮುಟ್ಟುವುದಿಲ್ಲ. ವಿಂಡೋಸ್ ಶುರುವಾಗುವ ಮೊದಲೇ, ಬಯಾಸ್ ಅನ್ನುವ ಮಶೀನಿನ ಮೂಲ ಸೆಟ್ಟಿಂಗಿನಲ್ಲಿ ತಾರೀಕು ಬದಲಿಸಬಹುದಿತ್ತು, ಅದಕ್ಕೂ ಬೇರೆ ಪಾಸ್‌ವರ್ಡ್ ಇಟ್ಟಿದ್ದಾರೆ. ಎಷ್ಟೋ ಮಶೀನುಗಳಲ್ಲಿ ಸೆಲ್ ತೆಗೆದರೆ ಆ ಪಾಸ್‌ವರ್ಡ್ ಅಳಿದುಹೋಗುತ್ತದಂತೆ. ಇದರಲ್ಲಿ ಅದು ಬೇರೆ ಚಿಪ್ಪಿನಲ್ಲಿ ಗಟ್ಟಿಯಾಗಿ ಕೂತಿದೆ. ಕಳ್ಳರಿಂದ ಕಾಪಾಡುವ ಏರ್ಪಾಡು ಬಹಳ ಚೆನ್ನಾಗಿದೆ. ಮಾಲೀಕರಿಂದಲೂ ಕಾಪಾಡಿದ್ದಾರೆ.

ಈಗ ನಮ್ಮ ಮನೆಯ ಕಥೆ ಕೇಳಿ. ನನ್ನ ಮೊಮ್ಮಗಳು ಕಾಲೇಜು ಓದುತ್ತಾಳೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಅನ್ನುವ ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕಿತ್ತು. ಮೊಬೈಲಿನಲ್ಲೇ ಹಾಕಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿ ನೋಡಿದವರಿಗೆ ಗೊತ್ತು, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಮೊದಲಿಂದ ಶುರು. ಮನೆಯಿಂದ ನೂರು ಹೆಜ್ಜೆಯಲ್ಲಿ ಸರ್ಕಾರದ ಕಂಪ್ಯೂಟರ್ ಇದೆ, ಗ್ರಂಥಾಲಯಕ್ಕೆ ‘ಅರಿವು ಕೇಂದ್ರ’ ಅಂತ ಬೋರ್ಡು ಇದೆ. ಹುಡುಗಿ ಅಲ್ಲಿಗೆ ಹೋದಳು. ‘ನಿಮ್ಮ ಗಡಿಯಾರ ಹಿಂದಿದೆ.’ ಕೊನೇ ದಿನ ಬಂತು. ನನ್ನ ಮೊಣಕಾಲು ಬಾತು ಎರಡು ವರ್ಷ ಆಯಿತು, ಮೆಟ್ಟಿಲು ಹತ್ತಲು ಆಗಲ್ಲ. ಆದರೂ ಹುಡುಗಿಯನ್ನು ಒಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ. ಬಸ್ಸು ಹಿಡಿದು ಕಲಬುರಗಿಗೆ ಹೋದೆವು. ಸೂಪರ್ ಮಾರ್ಕೆಟ್ ಹತ್ತಿರದ ಸೈಬರ್ ಒಂದರಲ್ಲಿ ಸಾಲು ಹೊರಗಿನವರೆಗೆ ಬಂದಿತ್ತು. ನಮ್ಮಂಥ ಹಳ್ಳಿಯವರೇ ಜಾಸ್ತಿ. ಅರ್ಜಿಗೆ ಇಷ್ಟು, ಸ್ಕ್ಯಾನಿಗೆ ಇಷ್ಟು, ಪ್ರಿಂಟಿಗೆ ಇಷ್ಟು ಅಂತ ಕೊಟ್ಟು, ಸರ್ವರ್ ಬರುವವರೆಗೆ ಕಾದು, ಕೆಲಸ ಮುಗಿಯುವಾಗ ಊರ ಕಡೆಯ ಕೊನೇ ಬಸ್ಸು ಹೋಗಿತ್ತು. ಜೀವಮಾನವಿಡೀ ಕೊನೇ ಬಸ್ಸಿಗೆ ರೈಟ್ ಹೇಳಿದವನು ಆ ರಾತ್ರಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಬೆಳಗು ಮಾಡಿದೆ. ಸಿಟ್ಟು ಬರಬಾರದಾ?

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ದೂರು ಕೊಟ್ಟಿದ್ದೆ. ಬಹಳ ದಿನದ ಮೇಲೆ ಒಬ್ಬ ಟೆಕ್ನಿಶಿಯನ್ ಹುಡುಗ ಬಂದ. ಮಶೀನ್ ಆನ್ ಮಾಡಿದ, ಪರದೆ ಬೆಳಗಿತು, ಮೊಬೈಲಿನಲ್ಲಿ ಫೋಟೊ ಹೊಡೆದ, ಹೊರಟ. ನಾನು ಅಡ್ಡ ನಿಂತೆ.

‘ತಮ್ಮಾ, ತಾರೀಕು ನೋಡಪ್ಪಾ.’

‘ಮಶೀನ್ ಚಾಲೂ ಅದಲ್ರಿ ಕಾಕಾ. ಚಾಲೂ ಅದನೋ ಇಲ್ಲೋ ನೋಡಿ ಫೋಟೊ ಹಾಕು ಅಂದಾರ, ಅಷ್ಟೇ.’

‘ತಾರೀಕು ಸರಿ ಮಾಡಿ ಹೋಗು.’

‘ಅದಕ್ಕ ಅಡ್ಮಿನ್ ಕೇಳ್ತದ್ರಿ. ಪಾಸ್‌ವರ್ಡ್ ನಮ್ಮ ಬಲ್ಲಿ ಎಲ್ಲದ್ರಿ? ಹಳೇ ಏಜೆನ್ಸಿಯವರನ್ನ ಕೇಳ್ರಿ.’

ಹುಡುಗನದು ತಪ್ಪಿಲ್ಲ ಬಿಡಿ. ಮರುದಿನ ನನ್ನ ಮೊಬೈಲಿಗೆ ಮೆಸೇಜ್ ಬಂತು: ದೂರು ಪರಿಹರಿಸಲಾಗಿದೆ. ಆ ಫೋಟೊ ಕಡತದಲ್ಲಿದೆ, ಪ್ರಿಂಟನ್ನು ನಾನೂ ನೋಡಿದ್ದೇನೆ. ಫೋಟೊದ ಮೂಲೆಯಲ್ಲಿ ಮೊಬೈಲ್ ಆ್ಯಪ್ ಹಾಕಿದ ಆ ದಿನದ ತಾರೀಕು ಇದೆ, ಊರಿನ ಅಕ್ಷಾಂಶ ರೇಖಾಂಶವೂ ಇದೆ. ಅದೇ ಫೋಟೊದೊಳಗೆ ಕಂಪ್ಯೂಟರ್ ಪರದೆಯ ಬಲಗಡೆ ಕೆಳಗೆ ಸ್ಪಷ್ಟವಾಗಿ 2019 ಅಂತ ಕಾಣುತ್ತದೆ. ದೂರು ಏನಿತ್ತೋ ಅದಕ್ಕೇ ಸಾಕ್ಷಿ ತೆಗೆದು, ಅದನ್ನೇ ಲಗತ್ತಿಸಿ, ದೂರು ಮುಗಿಸಿದ್ದಾರೆ. ನಾನು ಕೊಟ್ಟ ಟಿಕೆಟ್ಟಿನ ಮೇಲೆ ಒಂದು ದಿನ ಹಿಂದಿನ ತಾರೀಕು ಬಿದ್ದಿದ್ದರೆ ಚೆಕಿಂಗ್ ಸ್ಕ್ವಾಡ್‌ನವರು ಬಸ್ಸಿನಲ್ಲೇ ಮೆಮೊ ಬರೆದು ಕೈಗೆ ಕೊಡುತ್ತಿದ್ದರು. ಇಲ್ಲಿ ವರ್ಷಗಳೇ ಹಿಂದೆ ಬಿದ್ದಿವೆ, ಸಹಿ ಮಾಡಿದವರಿಗೆ ಕಾಣಲಿಲ್ಲ.

ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು. ನನಗೆ ಅಷ್ಟೂ ಬೇಕಾಗಲಿಲ್ಲ. ಪಾಸ್‌ವರ್ಡ್ ಯಾರ ವಶದಲ್ಲಿದೆ, ಯಾವ ದಿನ ಹಸ್ತಾಂತರವಾಯಿತು ಅಂತಷ್ಟೇ ಕೇಳಿದ್ದೆ. 30 ದಿನದೊಳಗೆ ಬರಬೇಕಾದ ಉತ್ತರ ನಿಧಾನವಾಗಿ ಬಂತು: ಪಾಸ್‌ವರ್ಡ್ ಸೂಕ್ಷ್ಮ ಮಾಹಿತಿ, ಕೊಡಲು ಬರುವುದಿಲ್ಲ. ನಾನು ಪಾಸ್‌ವರ್ಡ್ ಕೇಳಿರಲೇ ಇಲ್ಲ! ತಮ್ಮ ಹತ್ತಿರ ಇಲ್ಲದ್ದನ್ನು ಕೊಡಲು ಬರುವುದಿಲ್ಲ ಅನ್ನುವುದು ನಿಜವೇ ಅನ್ನಿ. ಮೇಲ್ಮನವಿ ಹಾಕಿದ್ದೇನೆ.

ಅಷ್ಟರಲ್ಲಿ ನಾವು ಸುಮ್ನೆ ಕೂರಲಿಲ್ಲ. ವಾರಂಟಿ ಮುಗಿದಿತ್ತು. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಒಂದು ಚೀಟಿ ಬರೆಸಿಕೊಂಡು, ಮೇಲ್ವಿಚಾರಕರೇ ತಮ್ಮ ಜೇಬಿನಿಂದ ಹೊಸ ಸೆಲ್ ತಂದು ಹಾಕಿಸಿದರು. ಅದರಿಂದ ಆದದ್ದಿಷ್ಟು: ಮಶೀನ್ ಈಗ ದಿನಾ ಜನವರಿ 1ಕ್ಕೆ ಮರಳುವುದಿಲ್ಲ. ಅಲ್ಲಿಂದ ಮುಂದಕ್ಕೆ ಒಂದೊಂದೇ ದಿನ ನಿಯತ್ತಾಗಿ ಎಣಿಸುತ್ತಿದೆ. ಸದ್ಯ ಅಲ್ಲಿ 2019ರ ಮಳೆಗಾಲ ನಡೆದಿದೆ. ಒಮ್ಮೆ, ಒಂದೇ ಒಮ್ಮೆ ಪಾಸ್‌ವರ್ಡ್ ಹಾಕಿ ತಾರೀಕು ಸರಿ ಮಾಡಿದರೆ ಈ ಗೋಳು ಮುಗಿಯುತ್ತದೆ. ಅದಕ್ಕೇ ಪಾಸ್‌ವರ್ಡ್ ಕೊಡಿಸಿ ಅಂತ ಮತ್ತೆ ಮತ್ತೆ ಬಡಿದುಕೊಳ್ಳುತ್ತಿರುವುದು.

ಊರಿನ ಹುಡುಗರು ಬುದ್ಧಿವಂತರು. ‘ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದರ ಅರ್ಧ ತಾಸಿನಾಗ ಅಡ್ಮಿನ್ ಆಗಬಹುದು ಕಾಕಾ, ಬಯಾಸ್‌ಗೂ ದಾರಿ ಹುಡುಕ್ತೀವಿ’ ಅಂದರು. ನಾನೇ ಬೇಡ ಅಂದೆ. ಸರ್ಕಾರದ ಸ್ವತ್ತು. ಅನುಮತಿ ಇಲ್ಲದೆ ಒಳನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಕಲಂ ಇದೆ, ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸ್ ಪರೀಕ್ಷೆಗೆ ಓದುವ ಹುಡುಗನ ಮೇಲೆ ಅಂಥ ಕೇಸು ಬಿದ್ದರೆ ಅವನ ಗತಿ ಏನು? ಊರಿನ ಮಶೀನನ್ನು ಊರಿಗಾಗಿ ತೆರೆದವನು ಅಪರಾಧಿ. ಪಾಸ್‌ವರ್ಡ್ ಕೊಡದೆ ದುಡ್ಡು ತಗೊಂಡು ಹೋದವರು ಗುತ್ತಿಗೆದಾರರು. ಇದು ಎಲ್ಲಿಯ ನ್ಯಾಯ ಸಾಹೇಬರೇ? ಅವರಿಗೆ ಈಗ ಬೇರೆ ತಾಲೂಕಿನಲ್ಲಿ ಕೆಲಸ ಸಿಕ್ಕಿದೆ ಅಂತಲೂ ಸುದ್ದಿ ಇದೆ. ನಿಜವೋ ಸುಳ್ಳೋ ನೀವೇ ವಿಚಾರಿಸಿ.

ನಾವು ಪುಕ್ಕಟೆ ಕೇಳುತ್ತಿಲ್ಲ. ಮನೆ ತೆರಿಗೆಯ ಜೊತೆ ಶೇಕಡಾ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಗ್ರಂಥಾಲಯದ ಕಾಯ್ದೆ 1965ರದು, ನನ್ನ ರಿಟೈರ್‌ಮೆಂಟಿಗಿಂತ ಹಳೆಯದು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಗ್ಗೆ ಪ್ರತಿ ಭಾಷಣದಲ್ಲೂ ಹೇಳುತ್ತೀರಿ. ಸಂತೋಷ. ಆ ಮೀಸಲಾತಿಯಲ್ಲಿ ನೌಕರಿಗೆ ಅರ್ಜಿ ಹಾಕುವ ಹುಡುಗರು ಅರ್ಜಿ ಹಾಕುವುದಕ್ಕೇ ಕಲಬುರಗಿಯವರೆಗೆ ಬಸ್ ಚಾರ್ಜು ಕೊಡಬೇಕಾಗಿದೆ, ಅದನ್ನೂ ಒಂದು ಸಾಲು ಸೇರಿಸಿಕೊಳ್ಳಿ.

ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲೂಕು ಕೆಡಿಪಿ ಸಭೆಯ ಅಧ್ಯಕ್ಷರು ನೀವೇ. ಮುಂದಿನ ಸಭೆಯಲ್ಲಿ ತಾಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗಳು ನಿಮ್ಮ ಎದುರಿಗೇ ಕೂತಿರುತ್ತಾರೆ. ಪಾಸ್‌ವರ್ಡ್ ಎಲ್ಲಿದೆ ಅಂತ ಕೇಳಿ. ಏಜೆನ್ಸಿಯವರನ್ನು ಕರೆಸಿ, ಪಂಚಾಯತಿಗೆ ಬರೆದು ಕೊಡಿಸಿ. ಪಿಡಿಒ ಅವರ ಬೀರುವಿನಲ್ಲಿ ಮುಚ್ಚಿದ ಕವರಿನಲ್ಲಿರಲಿ, ಮೇಲ್ವಿಚಾರಕರಿಗೆ ಬೇಕಾದಾಗ ಸಹಿ ಮಾಡಿ ತೆಗೆಯಲಿ. ಓದುಗರಿಗೆ ಬೇಡ, ನನಗಂತೂ ಬೇಡವೇ ಬೇಡ.

ಯಾರ ಹತ್ತಿರವೂ ಇಲ್ಲ ಅಂತಾದರೆ ಹಾಗಂತಲೇ ಬರೆದುಕೊಡಲಿ. ಮಶೀನ್ ತಯಾರಿಸಿದ ಕಂಪನಿಗೆ ಖರೀದಿ ಬಿಲ್ಲು ತೋರಿಸಿ ಬಯಾಸ್ ಬೀಗ ತೆಗೆಸಿ, ವಿಂಡೋಸ್ ಹೊಸದಾಗಿ ಹಾಕಿ, ಹೊಸ ಪಾಸ್‌ವರ್ಡ್ ಇಟ್ಟರೆ ಆಯಿತು. ಒಳಗೆ ಕಳೆದುಹೋಗುವಂಥ ಕಡತ ಒಂದೂ ಇಲ್ಲ. ಹೇಗಿದ್ದರೂ ಮಾಡಿಸಲೇಬೇಕಾದ ಕೆಲಸ. ಅದರಲ್ಲಿರುವುದು ವಿಂಡೋಸ್ 10, ಮೈಕ್ರೋಸಾಫ್ಟ್‌ನವರು ಅದರ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೇ ನಿಲ್ಲಿಸಿದ್ದಾರೆ. ಆ ಕೆಲಸಕ್ಕೆ ಬರುವವರನ್ನು ಫೋಟೊ ಹೊಡೆಯಲು ಮಾತ್ರ ಕಳಿಸಬೇಡಿ. ತಾರೀಕು ಸರಿಯಾಗುವವರೆಗೆ ದೂರನ್ನು ಮುಗಿಸಬೇಡಿ ಅಂತ ಒಂದು ಮಾತು ಹೇಳಿ.

ಪಾಸ್‌ವರ್ಡ್ ಕೊಡಿಸಿ ಸಾಹೇಬರೇ. ಮುಂದಿನ ಕೆಡಿಪಿ ಸಭೆಯ ನಡಾವಳಿಯ ಪ್ರತಿಯನ್ನೂ ಮಾಹಿತಿ ಹಕ್ಕಿನಲ್ಲಿ ಕೇಳುವವನಿದ್ದೇನೆ. ಪೋಸ್ಟಲ್ ಆರ್ಡರ್ ಆಗಲೇ ತಂದಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಂಡಕ್ಟರ್
ಕಲಬುರಗಿ ಜಿಲ್ಲೆ