ಅಜ್ಜಿ ಆಕಳಿಸಿದ್ದು ಬೇಜಾರಿಗಲ್ಲ ಮಾರಾಯ

ಪ್ರೀತಿಯ ಮಂಜು,

ನಿನ್ನ ಪತ್ರ ಓದಿ ನಗು ತಡೆಯಲಾಗಲಿಲ್ಲ. ನಿನಗೆ ಮೈ ಸರಿಯಿಲ್ಲ ಅಂತ ಗೊತ್ತಾಗಿ, ಟರ್ಕಿಯ ಇಜ್ಮೀರ್‌ನ ನಿನ್ನ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಪಕ್ಕದಲ್ಲಿ ಕೂತು ಏನೋ ಪ್ರಾರ್ಥನೆ ಹೇಳಿದರು. ಹೇಳುವಾಗ ಒಂದರ ಹಿಂದೊಂದು ಆಕಳಿಸಿದರು. ‘ಅಷ್ಟು ಬೇಜಾರಿದ್ದರೆ ಯಾಕೆ ಬರಬೇಕಿತ್ತು’ ಅಂತ ನೀನು ಮುಖ ಊದಿಸಿಕೊಂಡು ಕೂತೆ. ಅವರು ನಿನ್ನ ದೃಷ್ಟಿ ತೆಗೀತಿದ್ದರು ಕಣೋ!

ಟರ್ಕಿಯಲ್ಲಿ ಕೆಟ್ಟ ಕಣ್ಣಿಗೆ ನಜರ್ ಅನ್ನುತ್ತಾರೆ. ಬಾಗಿಲಲ್ಲಿ, ಕಾರಿನಲ್ಲಿ, ಕೂಸಿನ ಅಂಗಿಯ ಮೇಲೆ ನೀಲಿ ಗಾಜಿನ ಕಣ್ಣು ತೂಗುವುದನ್ನು ನೀನೇ ಫೋಟೋ ತೆಗೆದು ಕಳಿಸಿದ್ದೆಯಲ್ಲ, ಅದು ಇದಕ್ಕೇ. ನಜರ್ ತಾಗಿದವರಿಗೆ ಮನೆಯ ಹಿರಿಯ ಹೆಂಗಸರು ಕುರಾನಿನ ಸಾಲು ಓದಿ ಊದುತ್ತಾರೆ. ಓದುವವರಿಗೆ ಆಕಳಿಕೆ ಮೇಲೆ ಆಕಳಿಕೆ ಬಂದು ಕಣ್ಣಲ್ಲಿ ನೀರು ಬಂದರೆ, ‘ಜೋರಾಗಿಯೇ ತಾಗಿದೆ’ ಅಂತ ಲೆಕ್ಕ. ಅಂದರೆ ಅಜ್ಜಿ ಎಷ್ಟು ಜಾಸ್ತಿ ಆಕಳಿಸಿದರೋ ಅಷ್ಟು ನಿನ್ನ ಪರವಾಗಿ ಕೆಲಸ ಆಗಿದೆ. ಆಕಳಿಕೆಯೇ ಬರದಿದ್ದರೆ ನಿನ್ನದು ಬರೀ ನೆಗಡಿ.

ಇದು ನಮಗೇನು ಹೊಸದಾ? ಮಗು ಪದೇ ಪದೇ ಆಕಳಿಸಿದರೆ ‘ದೃಷ್ಟಿ ಆಗಿದೆ, ನೀವಾಳಿಸಿ ಹಾಕಿ’ ಅನ್ನುವವರು ನಮ್ಮ ಬೀದಿಯಲ್ಲೇ ಇದ್ದರು. ಅಲ್ಲಿ ದೃಷ್ಟಿ ತೆಗೆಯುವವರೂ ಆಕಳಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಿದ್ದೂ ನಿನಗೆ ಮೊದಲು ಹೊಳೆದದ್ದು ಬೇಜಾರು. ಯಾಕೆ ಗೊತ್ತಾ? ಅಜ್ಜಿ ಆಕಳಿಸಿದ್ದು ಟರ್ಕಿಶ್‌ನಲ್ಲಿ, ನೀನು ಓದಿಕೊಂಡದ್ದು ಇಂಗ್ಲಿಷ್‌ನಲ್ಲಿ. ಇಂಗ್ಲಿಷಿನವರು ಬೋರು ಹೊಡೆಸುವ ಸಿನಿಮಾವನ್ನೇ ‘ಅದೊಂದು ಯಾನ್’, ಅಂದರೆ ಆಕಳಿಕೆ, ಅಂದುಬಿಡುತ್ತಾರೆ. ಮೀಟಿಂಗಿನಲ್ಲಿ ಬಾಯಿ ತೆರೆದರೆ ‘ಏನ್ರೀ, ಬೋರ್ ಆಗ್ತಿದೆಯಾ’ ಅಂತ ಮ್ಯಾನೇಜರ್ ಕೇಳುವುದೂ ಆ ಅರ್ಥ ಹಿಡಿದೇ. ರಾತ್ರಿ ನಿದ್ದೆಗೆಟ್ಟು ಅವರದೇ ಕೆಲಸ ಮುಗಿಸಿ ಬಂದಿರುತ್ತೇವೆ, ಅದು ಬೇರೆ ಮಾತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಂತೂ 2009ರಲ್ಲಿ ಕೋರ್ಟಿನಲ್ಲಿ ಜೋರಾಗಿ ಆಕಳಿಸಿದ ಅಂತ ಒಬ್ಬನಿಗೆ 6 ತಿಂಗಳ ಜೈಲಾಯಿತು! ಅವನು ಆರೋಪಿಯೂ ಅಲ್ಲ, ನೆಂಟನ ಕೇಸು ನೋಡಲು ಬಂದು ಕೂತವನು. ನ್ಯಾಯಾಂಗ ನಿಂದನೆ ಅಂದರು. 3 ವಾರ ಒಳಗಿದ್ದು, ಕ್ಷಮೆ ಕೇಳಿದ ಮೇಲೆ ಹೊರಗೆ ಬಂದ.

ಹಳೆಯ ಇಂಗ್ಲಿಷಿನಲ್ಲಿ ಈ ‘ಯಾನ್’ ಪದಕ್ಕೆ ಬಾಯಿ ಅಗಲಿಸುವುದು ಅನ್ನುವ ಅರ್ಥವೇ ದೊಡ್ಡದು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ನಡುರಾತ್ರಿ ಸ್ಮಶಾನಗಳು ಆಕಳಿಸುತ್ತವೆ. ಬೇಜಾರಿಗಲ್ಲ, ಗೋರಿಗಳು ಬಾಯಿಬಿಡುತ್ತವೆ ಅಂತ. ಈಗಲೂ ದೊಡ್ಡ ಕಂದಕ ಅವರಿಗೆ ‘ಆಕಳಿಸುವ’ ಕಂದಕ.

ಟರ್ಕಿಶ್ ಪದದ ದಾರಿಯೇ ಬೇರೆ. ಆಕಳಿಸುವುದು ಅಲ್ಲಿ ‘ಎಸ್ನೆಮೆಕ್’. ಬಟ್ಟೆ ಹಿಗ್ಗಿದರೂ ಅದೇ ಪದ. ಹಿಗ್ಗುವಂಥದ್ದು, ಬಾಗುವಂಥದ್ದು ‘ಎಸ್ನೆಕ್’. ಜಿಮ್ಮಿನಲ್ಲಿ ಮೈ ಎಳೆಯುವ ವ್ಯಾಯಾಮ ‘ಎಸ್ನೆಮೆ’. ಇಷ್ಟೊತ್ತಿಗೇ ಬಾ, ಇಷ್ಟೊತ್ತಿಗೇ ಹೋಗು ಅಂತ ಗಡಿಯಾರ ತೋರಿಸದ ಆಫೀಸಿನ ಕೆಲಸದ ಹೊತ್ತೂ ‘ಎಸ್ನೆಕ್’. ಕಾನೂನು ಸ್ವಲ್ಪ ಸಡಿಲಿಸಿದರೆ ಅದಕ್ಕೂ ಇದೇ ಬೇರಿನ ಪದ. ಇಂಗ್ಲಿಷಿನವರು ಬಾಯಿ ನೋಡಿದರು, ಟರ್ಕಿಯವರು ಇಡೀ ಮೈ ನೋಡಿದರು ಅನ್ನಿಸುತ್ತದೆ ನನಗೆ. ‘ಮೈಮುರಿದು ಆಕಳಿಸಿದ’ ಅನ್ನುವ ನಾವು ಟರ್ಕಿಯವರ ಕಡೆಗೇ ಹತ್ತಿರ.

ಹಾಗಂತ ಅಲ್ಲಿ ಎಲ್ಲರೆದುರು ಬಾಯಿ ತೆರೆದು ಕೂರಬೇಡ. ಸೀನು ದೇವರಿಗೆ ಇಷ್ಟ, ಆಕಳಿಕೆ ಸೈತಾನನದು, ಆದಷ್ಟು ತಡೆಯಿರಿ ಅನ್ನುತ್ತದೆ ಹದೀಸು, ಅಂದರೆ ಪ್ರವಾದಿ ಮುಹಮ್ಮದರ ಮಾತು. ತಡೆಯಲಾಗದಿದ್ದರೆ ಕೈ ಅಡ್ಡ. ನಮ್ಮ ಆಯುರ್ವೇದದ ಚರಕ ಮಾತ್ರ ಆಕಳಿಕೆಯನ್ನು ತಡೆಯಬಾರದ ವೇಗಗಳ, ಅಂದರೆ ಮೈಯ ಸಹಜ ಒತ್ತಡಗಳ, ಪಟ್ಟಿಗೆ ಸೇರಿಸಿದ್ದಾನೆ. ನಮ್ಮ ಅಜ್ಜಂದಿರು ತಡೆಯುತ್ತಲೂ ಇರಲಿಲ್ಲ, ಬಾಯೆದುರು ಚಿಟಿಕೆ ಹೊಡೆದು ಮುಗಿಸುತ್ತಿದ್ದರು.

ಆಮ್ಲಜನಕ ಕಡಿಮೆಯಾದರೆ ಆಕಳಿಕೆ ಬರುತ್ತದೆ ಅಂತ ನೀನು ಬರೆದಿದ್ದೀಯಲ್ಲ, ಅದನ್ನು ಬಿಟ್ಟುಬಿಡು. ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವಿನ್ 1987ರಲ್ಲೇ ಪರೀಕ್ಷೆ ಮಾಡಿ ನೋಡಿದರು. ಶುದ್ಧ ಆಮ್ಲಜನಕ ಉಸಿರಾಡಿಸಿದರೂ ಆಕಳಿಕೆ ಕಡಿಮೆಯಾಗಲಿಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದರೂ ಜಾಸ್ತಿಯಾಗಲಿಲ್ಲ. ಬೇಜಾರೊಂದೇ ಕಾರಣವೂ ಅಲ್ಲ. ಐಸ್ ಮೇಲೆ ಸ್ಕೇಟಿಂಗ್ ಓಟ ಓಡುತ್ತಿದ್ದ ಅಪೊಲೊ ಓನೊ, 8 ಒಲಿಂಪಿಕ್ ಪದಕ ಗೆದ್ದವನು, ಸ್ಪರ್ಧೆಗೆ ಮೊದಲು ದೊಡ್ಡದಾಗಿ ಆಕಳಿಸುತ್ತಿದ್ದ. ಅವನಿಗೆ ಆ ಹೊತ್ತಲ್ಲಿ ಬೋರ್ ಆಗಿತ್ತು ಅಂತೀಯಾ?

ಇನ್ನು ಅಜ್ಜಿಯ ವಿಷಯ. ನಜರ್ ನಂಬು, ಬಿಡು, ಅದು ನಿನಗೆ ಬಿಟ್ಟದ್ದು. ಆದರೆ ನಾಳೆ ಕೆಳಗೆ ಹೋಗಿ ‘ಅಲ್ಲಾಹ್ ರಾಜೀ ಓಲ್ಸುನ್’ ಅಂದು ಬಾ. ದೇವರು ನಿಮಗೆ ಒಲಿಯಲಿ ಅಂತ, ಇಂಥ ಉಪಕಾರಕ್ಕೆ ಅಲ್ಲಿ ಹೇಳುವ ಮಾತು ಅದೇ. ಕೈಯಲ್ಲಿ ಏನಾದರೂ ಸಿಹಿ ಇರಲಿ. ಮತ್ತೆ, ಜ್ವರ ಬಿಟ್ಟಿತೋ ಇಲ್ಲವೋ ಅಂತ ಎರಡು ಪುಟ ಪತ್ರದಲ್ಲಿ ಎಲ್ಲೂ ಬರೆದಿಲ್ಲವಲ್ಲೋ. ಮೊದಲು ಅದನ್ನು ಬರಿ.

ನಿನ್ನ,
ರವಿ