ಅಪ್ಪನ ಕೈಗೆ ಆ ಮೆಷಿನ್ ಬೇಕಾ?

ಪ್ರೀತಿಯ ಅಕ್ಕ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಉತ್ತರ ಹೇಳಲು ಮನಸ್ಸಾಗಲಿಲ್ಲ. ಸ್ಟ್ರೋಕ್ ಆಗಿ ಬಲಗೈ ಸೋತಿರುವ ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. "ಇಲ್ಲೊಂದು ಸೆಂಟರಿನಲ್ಲಿ ಆಪರೇಷನ್ ಇಲ್ಲದೆ ತಲೆಗೆ ಮ್ಯಾಗ್ನೆಟ್ ಹಿಡಿದು ಕೈ ಸರಿಮಾಡ್ತಾರಂತೆ, ಕರ್ಕೊಂಡು ಹೋಗೋಣವಾ?" ಅಂದೆಯಲ್ಲ. ಆ ಚಿಕಿತ್ಸೆ ಸುಳ್ಳಲ್ಲ ಅಕ್ಕ. ನಾನು ಫಿಸಿಯೋ ಆಗಿರುವ ಈ ಆಸ್ಪತ್ರೆಯಲ್ಲೂ ಕೊಡುತ್ತಾರೆ. ಆದರೆ ಅದೊಂದರಿಂದಲೇ ಕೈ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ.

ಅದರ ಹೆಸರು ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಜೊತೆಗಾರರು ಮೊದಲು ಮಾಡಿ ತೋರಿಸಿದರು. ತಲೆಯ ಮೇಲೆ ಹಿಡಿದ ತಂತಿಯ ಸುರುಳಿಯಲ್ಲಿ ಕ್ಷಣಮಾತ್ರ ಜೋರು ಕರೆಂಟ್ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಶಕ್ತಿ ಬುರುಡೆ ದಾಟಿ ಹೋಗಿ, ಮೆದುಳಿನ ಮೇಲ್ಪದರದಲ್ಲಿ ಸಣ್ಣ ಕರೆಂಟ್ ಎಬ್ಬಿಸುತ್ತದೆ.

ಮೊದಲು ಮೆದುಳಿನಲ್ಲಿ ಕೈಯ ಜಾಗ ಹುಡುಕಬೇಕು. ತಲೆಗೆ ತೆಳು ಟೋಪಿ ಹಾಕಿ, ಕೈಯ ಸ್ನಾಯುವಿನ ಮೇಲೆ ಪುಟ್ಟ ಎಲೆಕ್ಟ್ರೋಡ್ ಅಂಟಿಸಿ, ಸುರುಳಿಯನ್ನು ಚೂರುಚೂರೇ ಸರಿಸುತ್ತಾ ಹೋಗುತ್ತೇವೆ. ಟಕ್. ಏನೂ ಇಲ್ಲ. ಇನ್ನಷ್ಟು ಸರಿಸಿ, ಟಕ್. ಏನೂ ಇಲ್ಲ. ಮತ್ತೊಂದು ಟಕ್‌ಗೆ ಬೆರಳು ತಾನಾಗಿಯೇ ಎಗರುತ್ತದೆ! ಅಲ್ಲೇ ಟೋಪಿಯ ಮೇಲೆ ಪೆನ್ನಿನಿಂದ ಗುರುತು ಹಾಕುತ್ತೇವೆ. ತಿಂಗಳುಗಟ್ಟಲೆ ಸುಮ್ಮನಿದ್ದ ಬೆರಳು ಹೀಗೆ ಎಗರಿದಾಗ ಜೊತೆಗೆ ಬಂದವರು ಅತ್ತುಬಿಡುತ್ತಾರೆ. ನನಗೂ ಗಂಟಲು ಕಟ್ಟುತ್ತದೆ. ಕೈ ಗುಣವಾಯಿತು ಅಂತಲ್ಲ ಅದು. ಮೆದುಳಿನಿಂದ ಕೈಗೆ ಹೋಗುವ ದಾರಿ ಪೂರ್ತಿ ಕಡಿದುಹೋಗಿಲ್ಲ ಅಂತ. ಅದೂ ದೊಡ್ಡ ಸುದ್ದಿಯೇ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಕ್ಯಾಥಿ ಸ್ಟಿನಿಯರ್ ಅವರ ತಂಡ, ಸ್ಟ್ರೋಕ್ ಆದ ಮೊದಲ ವಾರದಲ್ಲೇ ಈ ಪರೀಕ್ಷೆ ಮಾಡಿ ಕೈ ಎಷ್ಟು ಮರಳಬಹುದು ಅಂತ ಅಂದಾಜು ಮಾಡುವ ಕ್ರಮವನ್ನೇ ರೂಪಿಸಿದೆ.

ಇನ್ನು ಚಿಕಿತ್ಸೆ. ಮೆದುಳಿನ ಎರಡು ಭಾಗಗಳು ಒಂದನ್ನೊಂದು ತಡೆದು ಹಿಡಿದಿರುತ್ತವೆ. ಅಪ್ಪನಿಗೆ ಪೆಟ್ಟಾದದ್ದು ಬಲಗೈ ಆಡಿಸುವ ಎಡಭಾಗಕ್ಕೆ. ಎಡ ಸೊರಗಿದಾಗ ಬಲಭಾಗ ಅದನ್ನು ಇನ್ನೂ ಜಾಸ್ತಿ ಅದುಮುತ್ತದೆ ಅನ್ನುವುದು ಲೆಕ್ಕ. ಹಾಗಾಗಿ ಸರಿಯಿರುವ ಭಾಗಕ್ಕೆ ಸೆಕೆಂಡಿಗೆ ಒಂದು ಟಕ್‌ನಂತೆ ನಿಧಾನವಾಗಿ ಕೊಟ್ಟು ತಗ್ಗಿಸುತ್ತಾರೆ. ಪೆಟ್ಟಾದ ಭಾಗಕ್ಕೆ ಬೇಗಬೇಗ ಕೊಟ್ಟು ಎಚ್ಚರಿಸುವುದೂ ಉಂಟು. ಆದರೆ ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಪೆಟ್ಟು ತುಂಬಾ ದೊಡ್ಡದಾಗಿದ್ದರೆ ಆ ಇನ್ನೊಂದು ಭಾಗವೇ ಕೈಗೆ ಆಸರೆ ಆಗಿರಬಹುದು. ಅದನ್ನೇ ತಗ್ಗಿಸಿದರೆ ಹೇಗೆ? ನೋಡದೆ ಎಲ್ಲರಿಗೂ ಒಂದೇ ಥರ ಕೊಡುವ ಕಡೆ ನನಗೆ ಭಯ.

ಟಿಡಿಸಿಎಸ್ ಅಂತ ಇನ್ನೊಂದಿದೆ. ಉಪ್ಪುನೀರಲ್ಲಿ ನೆನೆಸಿದ ಸ್ಪಂಜುಗಳನ್ನು ತಲೆಗೆ ಕಟ್ಟಿ, 1–2 ಮಿಲಿಆಂಪ್ ಕರೆಂಟನ್ನು ಸುಮಾರು 20 ನಿಮಿಷ ಹರಿಸುತ್ತಾರೆ. ಸ್ವಲ್ಪ ಚುರುಚುರು ಅನ್ನುತ್ತದೆ, ಅಷ್ಟೇ. ಅಗ್ಗದ ಮೆಷಿನ್, ಆನ್‌ಲೈನಿನಲ್ಲೂ ಸಿಗುತ್ತದೆ. ದಯವಿಟ್ಟು ತರಿಸಬೇಡ.

ಫಲ ಎಷ್ಟು ಅಂತ ನೀನು ಕೇಳಿದೆಯಲ್ಲ. 2020ರ ಯುರೋಪಿನ ತಜ್ಞರ ಮಾರ್ಗಸೂಚಿ, ಸ್ಟ್ರೋಕ್ ಆದ ನಂತರದ ಮೊದಲ ತಿಂಗಳುಗಳಲ್ಲಿ ಕೈಗೆ ಆ ನಿಧಾನದ ಟಿಎಂಎಸ್ ಕೊಡುವುದಕ್ಕೆ ಅತಿ ಮೇಲಿನ ದರ್ಜೆ ಕೊಟ್ಟಿತು. ಅದಕ್ಕೆ ಮೊದಲು, 2018ರಲ್ಲಿ ಅಮೆರಿಕದಿಂದ ನಿಚ್ ಅನ್ನುವ ಅಧ್ಯಯನ ಬಂದಿತ್ತು. ಅದರಲ್ಲಿ 199 ಜನ. ಕೆಲವರಿಗೆ ನಿಜವಾದ ಟಿಎಂಎಸ್, ಉಳಿದವರಿಗೆ ಹುಸಿ. ಕೈಯ ಅಭ್ಯಾಸ ಮಾತ್ರ ಎಲ್ಲರಿಗೂ. ಎರಡೂ ಗುಂಪಿನಲ್ಲಿ ಮೂರರಲ್ಲಿ ಇಬ್ಬರಷ್ಟು ಜನಕ್ಕೆ ಕೈ ಚೆನ್ನಾಗಿ ಸುಧಾರಿಸಿತು! ಮೆಷಿನ್ ಸೋತಿತು ಅಂತ ಇದನ್ನು ಓದಬಹುದು. ನನಗೆ ಕಂಡದ್ದು ಬೇರೆ. ಸ್ಟ್ರೋಕ್ ಆಗಿ ಮೂರು ತಿಂಗಳು ದಾಟಿದವರೇ ಅವರೆಲ್ಲ. ಅಷ್ಟು ಜನರ ಕೈಯನ್ನು ಅಭ್ಯಾಸವೇ ಮುಂದೆ ತಂದಿತು ಅಂತ ನಾನು ನಂಬಿದ್ದೇನೆ.

ಆ ಅಭ್ಯಾಸವೇ ಎಲ್ಲೂ ಸಾಕಷ್ಟು ಆಗುತ್ತಿಲ್ಲ ಅಕ್ಕ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಥೆರಪಿ ನಡೆಯುವಾಗ ಕೂತು ಎಣಿಸಿದರು. ಒಂದು ಸೆಷನ್ನಿನಲ್ಲಿ ಕೈಯಿಂದ ಮಾಡಿಸಿದ ನಿಜವಾದ ಕೆಲಸ ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಬದಲಾಗಲು ದಿನಕ್ಕೆ ನೂರಾರು ಸಲ ಮಾಡಿಸಿದ್ದರು. ಉತ್ತೇಜನ ಕೊಟ್ಟ ಮೇಲೆ ಮೆದುಳು ಸ್ವಲ್ಪ ಹೊತ್ತು ಕಲಿಯಲು ಸಿದ್ಧವಾಗಿರುತ್ತದೆ, ಆಗ ಕಲಿಸಬೇಕು. ಕೊಟ್ಟು ಮನೆಗೆ ಕಳಿಸಿದರೆ ಏನು ಬಂತು?

ಅದಕ್ಕೇ ಆ ಸೆಂಟರಿನಲ್ಲಿ ಮೊದಲು ಇದನ್ನು ಕೇಳು: ಟಿಎಂಎಸ್ ಆದ ಕೂಡಲೇ ಕೈಗೆ ಎಷ್ಟು ಹೊತ್ತು ಥೆರಪಿ ಕೊಡುತ್ತೀರಿ? ಶುರುಮಾಡುವ ಮುಂಚೆ ಬೆರಳಿನ ಪರೀಕ್ಷೆ ಮಾಡುತ್ತೀರಾ? ಅಪ್ಪನಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ, ತಲೆಯೊಳಗೆ ಲೋಹದ ಕ್ಲಿಪ್ ಇದ್ದರೆ, ಪೇಸ್‌ಮೇಕರ್ ಇದ್ದರೆ ಮುಚ್ಚಿಡದೆ ಹೇಳು. ಅಪರೂಪಕ್ಕೆ ಇದರಿಂದ ಫಿಟ್ಸ್ ಬರುವುದುಂಟು. ಥೆರಪಿ ಇಲ್ಲ ಅಂದರೆ ಆ ದುಡ್ಡನ್ನು ಒಳ್ಳೆಯ ಫಿಸಿಯೋಗೆ ಕೊಡೋಣ, ನಾನು ಕಳಿಸುತ್ತೇನೆ.

ಅಲ್ಲಿಯವರೆಗೆ ಕಾಯುವುದು ಬೇಡ. ಅಪ್ಪನಿಗೆ ಮುಷ್ಟಿ ಕಟ್ಟಲು ಬರುತ್ತದೆ, ಬಿಚ್ಚಲು ಕಷ್ಟ. ಅದರ ಮೇಲೇ ಕೆಲಸ ಮಾಡಿಸು. ಲೋಟ ಹಿಡಿದು ಬಿಡುವುದು, ಪೇಪರಿನ ಹಾಳೆ ತಿರುಗಿಸುವುದು, ಅಂಗಿಯ ಗುಂಡಿ. ಎಡಗೈ ಸಹಾಯಕ್ಕೆ ಬರಬಾರದು. ಸುಸ್ತಾದರೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ನೀನು ಕೈ ಹಿಡಿದು ಆಡಿಸಿದ್ದು ಲೆಕ್ಕಕ್ಕಿಲ್ಲ, ಅಪ್ಪನೇ ಮಾಡಬೇಕು.

ಈ ಭಾನುವಾರ ಅಪ್ಪನ ಬಲಗೈಯನ್ನು ಮೇಜಿನ ಮೇಲಿಡಿಸಿ, ಬೆರಳು ಬಿಚ್ಚುವುದನ್ನು ಹತ್ತಿರದಿಂದ ವಿಡಿಯೋ ಮಾಡಿ ಕಳಿಸು. ಸ್ಕ್ಯಾನ್ ರಿಪೋರ್ಟಿನ ಫೋಟೋ ಕೂಡ. ನಮ್ಮ ನ್ಯೂರೋ ಡಾಕ್ಟರಿಗೆ ತೋರಿಸುತ್ತೇನೆ ಅಂತ ಮಾತಾಡಿಕೊಂಡಿದ್ದೇನೆ.

ನಿನ್ನ ತಂಗಿ