ಎಳೆಯ ಆಟಗಾರರನ್ನು ಕೂಡಿಹಾಕುವ ಕ್ಲಬ್‌ಗಳಿಗೆ ಕಡಿವಾಣ ಬೇಕು

ಮಾನ್ಯ ಸಂಪಾದಕರೇ,

ಯುರೋಪಿನ ದೊಡ್ಡ ಫುಟ್‌ಬಾಲ್ ಕ್ಲಬ್ಬೊಂದು ಹದಿನೆಂಟರ ಹುಡುಗನನ್ನು ಕೋಟಿಗಟ್ಟಲೆ ಕೊಟ್ಟು ಕೊಂಡಿತು ಎಂಬ ಸುದ್ದಿ ಕ್ರೀಡಾ ಪುಟದಲ್ಲಿ ಬರುತ್ತಲೇ ಇರುತ್ತದೆ. ಆಮೇಲೆ ಆ ಹುಡುಗ ಏನಾದ, ಎಷ್ಟು ಆಡಿದ ಅನ್ನುವ ಸುದ್ದಿ ಮಾತ್ರ ಬರುವುದೇ ಇಲ್ಲ.

ಬ್ರೆಜಿಲ್‌ನ ಲುಕಾಸ್ ಪಿಯಾಜೊನ್ ಹದಿನೆಂಟು ತುಂಬುತ್ತಲೇ 2012ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಸೇರಿದರು. 2021ರ ಜನವರಿವರೆಗೂ ಅಲ್ಲೇ ಇದ್ದರು, ಕಾಗದದ ಮೇಲೆ. ಚೆಲ್ಸಿಯ ಮುಖ್ಯ ತಂಡಕ್ಕೆ ಆಡಿದ್ದು ಬರೀ 3 ಪಂದ್ಯ. ಉಳಿದ ವರ್ಷವೆಲ್ಲ ಸ್ಪೇನ್, ನೆದರ್ಲೆಂಡ್ಸ್, ಜರ್ಮನಿ, ಇಟಲಿ ಅಂತ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲ ಬೇರೆ ಕ್ಲಬ್‌ಗಳಿಗೆ ಎರವಲಾಗಿ, ಸುತ್ತಾಟ. 2018-19ರ ಹೊತ್ತಿಗೆ ಆ ಕ್ಲಬ್ ಹೀಗೆ ಹೊರಗೆ ಕಳಿಸಿದ್ದ ಆಟಗಾರರು ಸುಮಾರು 40 ಮಂದಿ! ಹತ್ತು ಹುಡುಗರನ್ನು ಕೊಂಡರೆ ಒಬ್ಬನಾದರೂ ಮಿಂಚುತ್ತಾನೆ, ಅವನನ್ನು ಮಾರಿದರೆ ಎಲ್ಲರ ಖರ್ಚೂ ಹುಟ್ಟುತ್ತದೆ ಎಂಬ ಲೆಕ್ಕ. ಉಳಿದ ಒಂಬತ್ತು ಮಂದಿಯ ವಯಸ್ಸು ವಾಪಸ್ ಬರುತ್ತದೆಯೇ?

ಹಾಸನದಲ್ಲಿ ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಕಲಿಸುವವನು ನಾನು. ಒಂದು ತಿಂಗಳು ಬೆಂಚಿನ ಮೇಲೆ ಕೂತ ಹುಡುಗನ ಆಟ ಹೇಗಾಗುತ್ತದೆ ಅಂತ ಕಣ್ಣಾರೆ ನೋಡುತ್ತೇನೆ. ಪ್ರಾಕ್ಟೀಸಿನಲ್ಲಿ ಚೆನ್ನಾಗಿಯೇ ಆಡುತ್ತಾನೆ. ಪಂದ್ಯದಲ್ಲಿ ಮಾತ್ರ ಕಾಲಿಗೆ ಬಂದ ಚೆಂಡು ಒಂದು ಗಜ ಆಚೆ ಜಾರುತ್ತದೆ, ಪಾಸ್ ಕೊಡಲು ಅರೆಕ್ಷಣ ಜಾಸ್ತಿ ಯೋಚಿಸುತ್ತಾನೆ. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಪಂದ್ಯ ಆಡಿಯೇ ಕಲಿಯಬೇಕಾದ ವಿದ್ಯೆ ಇದು. ದುಡ್ಡಿರುವ ಕ್ಲಬ್ಬಿಗೂ ಬೇರೆ ದಾರಿ ಇಲ್ಲ.

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಸುಮ್ಮನೆ ಕೂತಿಲ್ಲ, ನಿಜ. 2022ರ ಜುಲೈನಿಂದ ಅಂತರರಾಷ್ಟ್ರೀಯ ಲೋನ್‌ಗಳಿಗೆ ಮಿತಿ ಹಾಕಿತು. ಒಂದು ಕ್ಲಬ್ ಹೀಗೆ ಹೊರಗೆ ಕಳಿಸಬಹುದಾದ ಆಟಗಾರರ ಸಂಖ್ಯೆ ಮೊದಲು 8 ಇದ್ದದ್ದು 2024ರಿಂದ 6ಕ್ಕೆ ಇಳಿಯಿತು. ಆದರೆ 21 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು, ಕ್ಲಬ್ ತಾನೇ ಬೆಳೆಸಿದವರು ಈ ಲೆಕ್ಕಕ್ಕೆ ಬರುವುದಿಲ್ಲ. ಕಾಯಬೇಕಾದ ಪೈರನ್ನೇ ಹೊರಗೆ ಬಿಟ್ಟು ಬೇಲಿ ಹಾಕಿದ ಹಾಗಾಯಿತು, ಅಲ್ವಾ?

ಎಳೆಯರಿಗೆ ಆಡಲು ಅವಕಾಶ ಸಿಗಲಿ ಅಂತ ಈ ವಿನಾಯಿತಿ ಎನ್ನುತ್ತಾರೆ. ಒಪ್ಪುತ್ತೇನೆ. ತಾನೇ ಬೆಳೆಸಿದ ಹುಡುಗನನ್ನು ಕ್ಲಬ್ ಒಂದು ವರ್ಷ ಬೇರೆಡೆ ಆಡಲು ಕಳಿಸಲಿ, ತಪ್ಪಿಲ್ಲ. ಆದರೆ ದುಡ್ಡು ಕೊಟ್ಟು ತಂದ ಹುಡುಗರಿಗೆ, ವಯಸ್ಸು ಎಷ್ಟೇ ಇರಲಿ, ಮಿತಿ ಇರಬೇಕು. ಒಬ್ಬನನ್ನು ಎರಡು ಸಲಕ್ಕಿಂತ ಜಾಸ್ತಿ ಲೋನ್‌ಗೆ ಕಳಿಸಬಾರದು. ಆಮೇಲೆ ಆಡಿಸಲಿ, ಇಲ್ಲವೇ ಬಿಟ್ಟುಕೊಡಲಿ.

ಇನ್ನೊಂದು ದಾರಿ ಫಿಫಾ ನಿಯಮದಲ್ಲೇ ಇದೆ. ಒಂದು ಋತುವಿನಲ್ಲಿ ಕ್ಲಬ್ಬಿನ ಅಧಿಕೃತ ಪಂದ್ಯಗಳಲ್ಲಿ ಶೇ 10ಕ್ಕಿಂತ ಕಡಿಮೆ ಆಡಿದ ವೃತ್ತಿಪರ ಆಟಗಾರ ಒಪ್ಪಂದ ಮುರಿದುಕೊಂಡು ಹೊರಬರಬಹುದು. ಆದರೆ ತರಬೇತಿ ಮುಗಿಸಿ ನೆಲೆನಿಂತವರಿಗೆ ಮಾತ್ರ ಈ ಹಕ್ಕು. ಹದಿನೆಂಟು, ಹತ್ತೊಂಬತ್ತರ ಹುಡುಗರಿಗೂ ಇದನ್ನು ಕೊಟ್ಟರೆ ಕೂಡಿಹಾಕುವ ಚಟ ತಾನಾಗಿ ಇಳಿಯುತ್ತದೆ. ಇಂಥ ನಿಯಮ ಮುರಿದ ಕ್ಲಬ್‌ಗಳಿಗೆ ಬರೀ ದಂಡ ಹಾಕಿದರೆ ಸಾಲದು, ಶ್ರೀಮಂತರಿಗೆ ಅದು ಚಿಲ್ಲರೆ ಕಾಸು. ಅಪ್ರಾಪ್ತ ಆಟಗಾರರ ನಿಯಮ ಮುರಿದದ್ದಕ್ಕೆ 2014ರಲ್ಲಿ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿಗೆ, 2019ರಲ್ಲಿ ಚೆಲ್ಸಿಗೆ ಹೊಸಬರನ್ನು ಕೊಳ್ಳದಂತೆ ನಿಷೇಧ ಹಾಕಿದ್ದರಲ್ಲ, ಅಂಥದ್ದೇ ಬೇಕು.

ನಮ್ಮ ಜಿಲ್ಲೆಯ ಹುಡುಗರು ರಾತ್ರಿ ನಿದ್ದೆಗೆಟ್ಟು ಈ ಕ್ಲಬ್‌ಗಳ ಪಂದ್ಯ ನೋಡುತ್ತಾರೆ, ಅವುಗಳ ಜೆರ್ಸಿ ಹಾಕಿಕೊಂಡು ಮೈದಾನಕ್ಕೆ ಬರುತ್ತಾರೆ. ಅವರಿಗೆ ಪೂರ್ತಿ ಸಂಗತಿ ಗೊತ್ತಾಗಲಿ. ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ: ಮುಂದಿನ ಸಲ ಇಂಥ ಖರೀದಿಯ ಸುದ್ದಿ ಹಾಕುವಾಗ, ಅದೇ ಕ್ಲಬ್ ಹಿಂದೆ ಕೊಂಡ ಹುಡುಗರು ಎಷ್ಟು ಪಂದ್ಯ ಆಡಿದರು ಎಂಬುದನ್ನೂ ಜೊತೆಗೆ ಎರಡು ಸಾಲು ಬರೆಯಿರಿ.

– ಫುಟ್‌ಬಾಲ್ ತರಬೇತುದಾರ, ಹಾಸನ